ನ್ಯಾಯವಾದ ಬಾಕಿ, ಸಲ್ಲದ ಕರಾರು

ಅಮೆರಿಕ ಸಂಯುಕ್ತ ಸಂಸ್ಥಾನಕ್ಕೂ ಮೆಕ್ಸಿಕೋಗೂ ನಡೆದ ಯುದ್ಧವನ್ನು ಕೊನೆಗಾಣಿಸಿದ ಒಪ್ಪಂದಕ್ಕೆ 1848ರ ಫೆಬ್ರವರಿ 2ರಂದು ಗ್ವಾಡಲೂಪೆ ಹಿಡಾಲ್ಗೊ ಎಂಬಲ್ಲಿ ಸಹಿಯಾಯಿತು. ಅಮೆರಿಕದ ಪರವಾಗಿ ಸಂಧಾನ ನಡೆಸಿದವರು ನಿಕೋಲಸ್ ಟ್ರಿಸ್ಟ್. ಅಧ್ಯಕ್ಷ ಪೋಲ್ಕ್ ಅವರನ್ನು ಹಿಂದಕ್ಕೆ ಕರೆಸಿದ್ದರೂ, ಶಾಂತಿಯ ಅವಕಾಶ ಕೈತಪ್ಪಬಾರದೆಂದು ಅಲ್ಲಿಯೇ ನಿಂತು ಕಾರ್ಯವನ್ನು ಪೂರೈಸಿದರು. ಅಧ್ಯಕ್ಷರು ಒಪ್ಪಂದವನ್ನು ಸ್ವೀಕರಿಸಿದರು, ಮಾಡಿಕೊಟ್ಟವರನ್ನು ಮಾತ್ರ ಹೊರಹಾಕಿದರು. ಆ ದಿನಗಳ ಸಂಬಳವೂ ಬಾಕಿ ಉಳಿಯಿತು.

ಬಹುಕಾಲದ ತರುವಾಯ ಟ್ರಿಸ್ಟ್ ಈ ಬಾಕಿಯ ವಸೂಲಿಗಾಗಿ ಬಾಸ್ಟನ್ನಿನ ವಕೀಲ ಲೈನಸ್ ಚೈಲ್ಡ್ ಅವರೊಡನೆ ಕರಾರು ಮಾಡಿಕೊಂಡರು. ಕಾಂಗ್ರೆಸ್ಸು ಮಂಜೂರು ಮಾಡಿದ ಹಣದಲ್ಲಿ ನೂರಕ್ಕೆ 25 ಪಾಲು ವಕೀಲರಿಗೆ. ಏನೂ ಬಾರದಿದ್ದರೆ ಏನೂ ಇಲ್ಲ. ತಂದೆ ತೀರಿಕೊಂಡ ಮೇಲೆ ಮಗ ಕೆಲಸವನ್ನು ಮುಂದುವರಿಸಿದರು. 1871ರ ಏಪ್ರಿಲ್ 20ರಂದು ಕಾಂಗ್ರೆಸ್ಸು ಸುಮಾರು 14,559 ಡಾಲರುಗಳನ್ನು ಮಂಜೂರು ಮಾಡಿತು. ಆಗ ಟ್ರಿಸ್ಟ್ ಪಾಲು ಕೊಡಲು ನಿರಾಕರಿಸಿದರು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ, ಕೆಳಗಿನ ನ್ಯಾಯಾಲಯ ಚೈಲ್ಡ್ ಅವರಿಗೆ 3,639 ಡಾಲರು ಸಲ್ಲಬೇಕೆಂದಿತು.

ಸರ್ವೋಚ್ಚ ನ್ಯಾಯಾಲಯದಲ್ಲಿ ಈ ತೀರ್ಪು ನಿಲ್ಲಲಿಲ್ಲ. ಕಡತದಲ್ಲಿ ಮಗ ಬರೆದ ಒಂದು ಪತ್ರವಿತ್ತು: ಪರಿಚಯವಿರುವ ಸದಸ್ಯರಿಗೆ ಬರೆಯುವಂತೆ ನಿಮ್ಮ ಸ್ನೇಹಿತರಿಗೆ ಹೇಳಿರಿ, ವಿಷಯದಲ್ಲಿ ಆಸಕ್ತಿಯಿಲ್ಲದವನ ಮತವೂ ಬರಿಯ ಕೇಳಿಕೆಯಿಂದ ದೊರೆಯಬಹುದು, ಎಂಬುದು ಅದರ ತಾತ್ಪರ್ಯ. ಲಂಚದ ಸುಳಿವೇ ಇರಲಿಲ್ಲ. ನ್ಯಾಯಾಲಯವೂ ಹಾಗೆ ಆರೋಪಿಸಲಿಲ್ಲ. ಬಹುಶಃ ಇಂದಿಗೂ ಹಲವರಿಗೆ ಆ ಪತ್ರ ನಿರಪಾಯವೆಂದೇ ತೋರೀತು. ಆದರೆ ನ್ಯಾಯಮೂರ್ತಿ ಸ್ವೇನ್ ಎಳೆದ ಗೆರೆ ಇಲ್ಲಿಯೇ ಇದೆ. ಅರ್ಜಿಯನ್ನು ರಚಿಸುವುದು, ಸಾಕ್ಷ್ಯ ಸಂಗ್ರಹಿಸುವುದು, ಸಮಿತಿಯ ಮುಂದೆ ವಾದ ಮಂಡಿಸುವುದು ವಕೀಲವೃತ್ತಿಗೆ ಸೇರಿದ ಸೇವೆ. ಅದಕ್ಕೆ ಶುಲ್ಕ ನ್ಯಾಯವೇ. ಶಾಸಕರ ಮೇಲೆ ವೈಯಕ್ತಿಕ ಪ್ರಭಾವ ಬೀರುವ ಕೆಲಸವನ್ನು ಹಣಕ್ಕೆ ಮಾರುವುದು ಬೇರೆ. ಕರಾರಿನಲ್ಲಿ ಎರಡೂ ಬೆರೆತು ಬೇರ್ಪಡಿಸಲಾಗದಂತಿದ್ದುದರಿಂದ, ಸಕ್ರಮ ಭಾಗಕ್ಕೂ ಕೂಲಿ ದೊರೆಯಲಿಲ್ಲ. ಬಾಕಿ ನ್ಯಾಯವಾದದ್ದೆಂಬುದು ಕರಾರನ್ನು ಉಳಿಸಲಿಲ್ಲ. ಮಾತಿಗೆ ತಪ್ಪಿದ ಟ್ರಿಸ್ಟ್ ಅವರಿಗೇ ಇದರಿಂದ ಲಾಭವಾದದ್ದು ಕಹಿಯಾದ ಸಂಗತಿ. ಆದರೆ ನ್ಯಾಯಾಲಯ ಇಬ್ಬರಲ್ಲಿ ಯಾರು ಸಜ್ಜನರೆಂದು ತೂಗಲು ಕುಳಿತಿರಲಿಲ್ಲ.

1874ರ ಈ ತೀರ್ಪು ಕರಾರನ್ನು ಅಸಿಂಧುಗೊಳಿಸಿತೇ ಹೊರತು ಲಾಬಿಯನ್ನು ನಿಲ್ಲಿಸಲಿಲ್ಲ. ಮುಂದೆ ನಿಷೇಧಕ್ಕಿಂತ ಬಹಿರಂಗಪಡಿಸುವಿಕೆಯೇ ಅಲ್ಲಿನ ಶಾಸನದ ಹಾದಿಯಾಯಿತು. 1946ರ ಕಾಯಿದೆ ಹಣ ಪಡೆದು ಲಾಬಿ ನಡೆಸುವವರು ನೋಂದಾಯಿಸಿಕೊಳ್ಳಬೇಕೆಂದಿತು. 1954ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದರೂ ಸದಸ್ಯರೊಡನೆ ನೇರ ಸಂಪರ್ಕಕ್ಕೆ ಸೀಮಿತಗೊಳಿಸಿತು. 1995ರ ಕಾಯಿದೆ ಕಾರ್ಯಾಂಗದ ಹಿರಿಯ ಅಧಿಕಾರಿಗಳನ್ನು ಕಾಣುವುದನ್ನೂ ಲೆಕ್ಕಕ್ಕೆ ಸೇರಿಸಿತು. ಇತ್ತ 1978ರ ಕಾಯಿದೆಯಿಂದ ಸರ್ಕಾರಿ ನೀತಿಸಂಹಿತೆಗಾಗಿಯೇ ಒಂದು ಕಚೇರಿ ಹುಟ್ಟಿತು. ನೌಕರನು ಎಲ್ಲ ಸಂಗತಿಗಳನ್ನೂ ಮುಚ್ಚಿಡದೆ ತಿಳಿಸಿ, ನೀತಿ ಅಧಿಕಾರಿಯ ಸಲಹೆಯಂತೆ ಪ್ರಾಮಾಣಿಕವಾಗಿ ನಡೆದಿದ್ದರೆ ಆ ನಿಯಮಗಳಡಿ ಶಿಸ್ತುಕ್ರಮಕ್ಕೆ ಗುರಿಯಾಗನು. ಅರ್ಧ ಹೇಳಿ ಪಡೆದ ಸಲಹೆಗೆ ಆ ರಕ್ಷಣೆಯಿಲ್ಲ.

ಭಾರತದಲ್ಲಿ ಲಾಬಿಗೆಂದೇ ಪ್ರತ್ಯೇಕ ಕಾಯಿದೆ ಬಂದಿಲ್ಲ. ಆದರೆ ಟ್ರಿಸ್ಟ್ ತೀರ್ಪಿಗೆ ಎರಡು ವರ್ಷ ಮೊದಲೇ, 1872ರ ಕರಾರು ಕಾಯಿದೆಯ 23ನೆಯ ಪ್ರಕರಣ ಸಾರ್ವಜನಿಕ ನೀತಿಗೆ ವಿರುದ್ಧವಾದ ಕರಾರು ಅಸಿಂಧುವೆಂದು ವಿಧಿಸಿತ್ತು. ಅದರ ಉದಾಹರಣೆಗಳಲ್ಲೊಂದು: ಒಬ್ಬನು ಇನ್ನೊಬ್ಬನಿಗೆ ಸರ್ಕಾರಿ ನೌಕರಿ ಕೊಡಿಸುವೆನೆನ್ನುತ್ತಾನೆ, ಅವನು ಅದಕ್ಕಾಗಿ 1,000 ರೂಪಾಯಿ ಕೊಡುವೆನೆನ್ನುತ್ತಾನೆ. ಕರಾರು ಅಸಿಂಧು.