ದಸ್, ನೌ, ಆಠ್



ತೊಗರಿ ರಾಶಿ ಮುಗಿದ ಮೇಲೆ ನಮ್ಮ ಮಹಾಗಾಂವ ಭಾಗದಿಂದ ಮುಂಬೈಗೆ ದುಡಿಯಲು ಹೋಗುವ ಕುಟುಂಬಗಳನ್ನು ನೀವು ಕಂಡಿದ್ದೀರಿ. ಅದೇ ಮುಂಬೈಯಲ್ಲಿ 1936ರಲ್ಲಿ ದೇಶದ ಮೊದಲ ಸಮಾಜಕಾರ್ಯ ಶಾಲೆ ಆರಂಭವಾಯಿತು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ಅಲ್ಲಿನ ಅಧ್ಯಾಪಕಿ ಜೆರೂ ಬಿಲಿಮೋರಿಯಾ ಬೀದಿ ಮಕ್ಕಳ ನಡುವೆ ಕೆಲಸ ಮಾಡುತ್ತ, ಅವರಿಗೆ ಹಗಲುರಾತ್ರಿ ನೆರವು ಬೇಕೆಂದು ಅವರ ಬಾಯಿಂದಲೇ ಅರಿತರು. ಹೀಗೆ 1996ರಲ್ಲಿ ಹುಟ್ಟಿದ್ದು ಮಕ್ಕಳ ಸಹಾಯವಾಣಿ 1098. ಓದು ಬಾರದ ಮಗುವೂ ‘ದಸ್, ನೌ, ಆಠ್’ ಎಂದು ನೆನಪಿಡಬಲ್ಲದು. 2023ರಿಂದ ಅದನ್ನು ಸರ್ಕಾರವೇ ನಡೆಸುತ್ತಿದೆ, ಕರೆ ಉಚಿತ.

ಮಕ್ಕಳ ಮಾತಿಗೆ ಹಿರಿಯರು ಕಿವಿಗೊಟ್ಟಿದ್ದರಿಂದ ಬಂದ ಸಂಖ್ಯೆಯಿದು. ತರಗತಿಯಲ್ಲಿ ನಿಮ್ಮ ಪಕ್ಕದ ಜಾಗ ಖಾಲಿಯಾದರೆ, ಗೆಳತಿಗೆ ಮದುವೆ ಗೊತ್ತಾದರೆ ಸುಮ್ಮನಿರಬೇಡಿ. ನಮಗೆ ಹೇಳಿ, ಇಲ್ಲವೇ 1098ಕ್ಕೆ ಕರೆ ಮಾಡಿ.