ಮುರಿದ ಕಾಲು, ಮುಗಿಯದ ಬೆಟ್ಟ

ಹಿರೇನಲ್ಲೂರಿನವರಿಗೆ ಬೆಟ್ಟವೆಂದರೆ ನಮ್ಮ ಜಿಲ್ಲೆಯ ಮುಳ್ಳಯ್ಯನಗಿರಿ. 1,930 ಮೀಟರ್ ಎತ್ತರದ ಅಲ್ಲಿ ಮಂಜು ಕವಿಯುತ್ತದೆ, ಹಿಮ ಬೀಳುವುದಿಲ್ಲ. ಹಿಮವನ್ನೇ ಕಾಣದ ದಕ್ಷಿಣ ಭಾರತದ ಮದರಾಸಿನಲ್ಲಿ 1888ರಲ್ಲಿ ಹುಟ್ಟಿದ ಅರ್ನಾಲ್ಡ್ ಲನ್ ಮುಂದೆ ಹಿಮದ ಆಟಕ್ಕೇ ನಿಯಮ ಬರೆದರೆಂದರೆ ಅಚ್ಚರಿಯಾದೀತು.

ಇಂಗ್ಲಿಷ್ ಪಾದ್ರಿಯೊಬ್ಬರ ಮಗನಾದ ಲನ್ 1909ರಲ್ಲಿ ವೇಲ್ಸ್‌ನ ಕೇಡರ್ ಇದ್ರಿಸ್ ಬೆಟ್ಟ ಹತ್ತುವಾಗ ಬಿದ್ದರು. ಮುರಿದ ಕಾಲು ಕೂಡಿತಾದರೂ ಗಿಡ್ಡವಾಯಿತು. ಬೇರೆಯವರಾಗಿದ್ದರೆ ಬೆಟ್ಟದ ಸಹವಾಸವೇ ಸಾಕೆನ್ನುತ್ತಿದ್ದರು. ಲನ್ ಅದೇ ಕಾಲಿಗೆ ಸ್ಕೀ, ಅಂದರೆ ಹಿಮದ ಮೇಲೆ ಜಾರುವ ಉದ್ದನೆಯ ಹಲಗೆ, ಕಟ್ಟಿಕೊಂಡರು. 1917ರಲ್ಲಿ ಸ್ವಿಟ್ಜರ್ಲೆಂಡಿನ 4,545 ಮೀಟರ್ ಎತ್ತರದ ಡೋಮ್ ಶಿಖರವನ್ನೇರಿದರು.

ಆಗ ಸ್ಲಾಲಮ್ ಎಂಬ ಸ್ಕೀ ಸ್ಪರ್ಧೆಯಲ್ಲಿ ತಿರುವಿನ ಅಂದಚೆಂದ ನೋಡಿ ಅಂಕ ಕೊಡುತ್ತಿದ್ದರು. ಜೋಡಿ ಬಾವುಟಗಳ ನಡುವೆ ನುಸುಳಿ ಬೇಗ ಇಳಿದವನೇ ಗೆಲ್ಲಬೇಕೆಂಬುದು ಲನ್ ವಾದ. 1922ರಲ್ಲಿ ಮ್ಯೂರೆನ್ ಎಂಬ ಸ್ವಿಸ್ ಹಳ್ಳಿಯಲ್ಲಿ ಹಾಗೆಯೇ ಸ್ಪರ್ಧೆ ನಡೆಸಿದರು. ಇಂದಿನ ಸ್ಲಾಲಮ್ ಹುಟ್ಟಿದ್ದು ಹೀಗೆ. 1936ರಲ್ಲಿ ಅದು ಒಲಿಂಪಿಕ್ಸ್‌ಗೂ ಸೇರಿತು.

ಬೆಟ್ಟ, ಹಿಮ, ಧರ್ಮಗಳ ಕುರಿತು ಲನ್ ಬರೆದ ಪುಸ್ತಕಗಳು ಹತ್ತಾರು. 1952ರಲ್ಲಿ ‘ಸರ್’ ಪದವಿ ಬಂತು. 1974ರಲ್ಲಿ ತೀರಿಕೊಂಡರು. ಗಿಡ್ಡವಾದ ಕಾಲು ಮಾತ್ರ ಕೊನೆಯವರೆಗೂ ಸರಿಹೋಗಲಿಲ್ಲ.