ಏನನ್ನೂ ಕೊಳ್ಳಬೇಕಾಗಿಲ್ಲ: ಒಂದು ಷರತ್ತಿನ ಚರಿತ್ರೆ

2025ರ ಆಗಸ್ಟ್ ಕೊನೆಯಲ್ಲಿ, ನ್ಯೂಜೆರ್ಸಿಯಲ್ಲಿರುವ ನನ್ನ ಚಿಕ್ಕಮ್ಮನ ಮಗ ವಾಟ್ಸಾಪಿನಲ್ಲಿ ಒಂದು ಪಿಡಿಎಫ್ ಕಳಿಸಿದ. ಆನ್‌ಲೈನ್ ಕ್ಯಾಸಿನೊ ಒಂದರ ನಿಯಮಾವಳಿ, ನಲವತ್ತಕ್ಕೂ ಹೆಚ್ಚು ಪುಟ. ಜೊತೆಗೊಂದು ಮೆಸೇಜು: “ಅಕ್ಕಾ, ನೀನು ಭಾಷೆ ಓದಿದೋಳು. ನನ್ನ ದುಡ್ಡು ನಂದೇ ಅಂತ ಇದ್ರಲ್ಲಿ ಎಲ್ಲಾದ್ರೂ ಬರ್ದಿದ್ಯಾ, ನೋಡಿ ಹೇಳು.”

ಹತ್ತು ತಿಂಗಳಿಂದ ಅವನು ಫೋನಿನಲ್ಲಿ ಸ್ಲಾಟ್ ಆಡುತ್ತಿದ್ದನಂತೆ. ಎರಡು ಸಾವಿರ ಡಾಲರಿಗೂ ಹೆಚ್ಚು ಸುರಿದಿದ್ದ. ಖಾತೆಯಲ್ಲಿ ಆರುನೂರ ಚಿಲ್ಲರೆ ‘ಸ್ವೀಪ್ಸ್ ಕಾಯಿನ್’ ಉಳಿದಿದ್ದವು. ಒಂದಕ್ಕೆ ಒಂದು ಡಾಲರ್ ಲೆಕ್ಕ. ಆ ತಿಂಗಳ 15ರಂದು ಅವನ ರಾಜ್ಯದ ಗವರ್ನರ್ ಫಿಲ್ ಮರ್ಫಿ ಒಂದು ಕಾಯ್ದೆಗೆ ಸಹಿ ಹಾಕಿದರು. ಕೆಲವೇ ದಿನಗಳಲ್ಲಿ ಆ ಆ್ಯಪ್ ‘ನಿಮ್ಮ ರಾಜ್ಯದಲ್ಲಿ ನಮ್ಮ ಸೇವೆ ಲಭ್ಯವಿಲ್ಲ’ ಎಂದು ಬಾಗಿಲು ಹಾಕಿಕೊಂಡಿತು. ದುಡ್ಡು ಒಳಗೆ, ಇವನು ಹೊರಗೆ.

ಬ್ಯಾಂಕು, ವಿಮೆ, ಆ್ಯಪುಗಳ ಇಂಥ ನಿಯಮಾವಳಿಗಳನ್ನು ಕನ್ನಡಕ್ಕೆ ತರುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಒಂದು ರಾತ್ರಿ ಕೂತು ಅಷ್ಟನ್ನೂ ಓದಿದೆ. ಒಂದು ಸಾಲು ಏಳೆಂಟು ಕಡೆ ದಪ್ಪಕ್ಷರದಲ್ಲಿತ್ತು: ಭಾಗವಹಿಸಲು ಏನನ್ನೂ ಕೊಳ್ಳಬೇಕಾಗಿಲ್ಲ. ಎರಡು ಸಾವಿರ ಡಾಲರ್ ಕೊಟ್ಟವನಿಗೆ ಅದನ್ನು ಅಷ್ಟು ಸಲ ಯಾಕೆ ಹೇಳಬೇಕು? ಹುಡುಕುತ್ತಾ ಹೋದರೆ ಆ ಸಾಲಿಗೆ ನೂರು ವರ್ಷಕ್ಕೆ ಹತ್ತಿರದ ಚರಿತ್ರೆ ಇದೆ.

ಮೂರು ಕಲ್ಲಿನ ಒಲೆ

ಕುದುರೆ ಜೂಜಿನಲ್ಲಿ ಎಲ್ಲರೂ ಇಟ್ಟ ಪಣವನ್ನು ಗೆದ್ದವನೊಬ್ಬನೇ ಗುಡಿಸಿಕೊಂಡು ಹೋಗುವುದಕ್ಕೆ ಇಂಗ್ಲಿಷಿನಲ್ಲಿ ಸ್ವೀಪ್‌ಸ್ಟೇಕ್ಸ್ ಎನ್ನುತ್ತಿದ್ದರು. ಹುಟ್ಟಿನಲ್ಲಿ ಪಣವೇ ಪ್ರಧಾನವಾಗಿದ್ದ ಈ ಪದ ಅಮೆರಿಕದಲ್ಲಿ ಮುಂದೆ ಪಣವೇ ಇಲ್ಲದ ಬಹುಮಾನ ಯೋಜನೆಗಳ ಹೆಸರಾಯಿತು. ಅರ್ಥ ಹೀಗೆ ತಲೆಕೆಳಗಾದದ್ದಕ್ಕೆ ಕಾರಣ ಕಾನೂನು.

ಅಂತರ್ಯುದ್ಧ ಮುಗಿದ ಮೇಲೆ, 1868ರಲ್ಲಿ, ಲೂಯಿಸಿಯಾನ ರಾಜ್ಯ ಒಂದು ಖಾಸಗಿ ಲಾಟರಿ ಕಂಪನಿಗೆ 25 ವರ್ಷದ ಸನ್ನದು ಕೊಟ್ಟಿತು. ಕಂಪನಿ ಅಂಚೆಯ ಮೂಲಕ ದೇಶಕ್ಕೆಲ್ಲ ಟಿಕೆಟ್ ಮಾರಿ ಹಣ ಬಾಚಿತು. ಅದು ರಾಜಕಾರಣಿಗಳಿಗೆ ತಿನ್ನಿಸಿದ ಲಂಚದ ಕತೆಗಳು ಜನರನ್ನು ರೊಚ್ಚಿಗೆಬ್ಬಿಸಿದವು. ಅಮೆರಿಕದ ಸಂಸತ್ತು 1890ರಲ್ಲಿ ಲಾಟರಿಗೆ ಅಂಚೆಯನ್ನು ಮುಚ್ಚಿತು. 1895ರಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಟಿಕೆಟ್ ಒಯ್ಯುವುದನ್ನೂ ನಿಷೇಧಿಸಿತು. 1903ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಲಾಟರಿ ಅಪರಾಧವಾದ ಮೇಲೆ ಲಾಟರಿ ಎಂದರೇನು ಎಂಬ ಪ್ರಶ್ನೆ ಬಂತು. ಕೋರ್ಟುಗಳು ಮೂರು ಅಂಶ ಗುರುತಿಸಿದವು: ಬಹುಮಾನ, ಅದೃಷ್ಟ, ಮತ್ತು ಅದಕ್ಕಾಗಿ ಆಡುವವನು ತೆರುವ ಬೆಲೆ. ಕರಾರು ಕಾನೂನಿನ ಕನ್ನಡದಲ್ಲಿ ಮೂರನೆಯದಕ್ಕೆ ‘ಪ್ರತಿಫಲ’ ಎನ್ನುತ್ತೇವೆ. ಜೂಜಿನ ಕನ್ನಡದಲ್ಲಿ ಅದು ಪಣ. ಮೂರು ಕಲ್ಲಿನ ಒಲೆಯ ಹಾಗೆ, ಒಂದು ಕಲ್ಲು ತೆಗೆದರೆ ಮಡಕೆ ನಿಲ್ಲುವುದಿಲ್ಲ. ಕಾನೂನಿನ ಕಣ್ಣಿಗೆ ಅದು ಲಾಟರಿ ಅಲ್ಲ. ಅಲ್ಲಿಂದ ಮುಂದಿನ ಚರಿತ್ರೆಯೆಲ್ಲ, ಕಲ್ಲು ತೆಗೆದಂತೆ ತೋರಿಸಿ ಅಡುಗೆ ಮುಂದುವರಿಸುವ ಉಪಾಯಗಳದ್ದು.

1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಸಿನಿಮಾ ಟಾಕೀಸುಗಳು ಖಾಲಿ ಹೊಡೆಯುತ್ತಿದ್ದವು. ಆಗ ಚಾರ್ಲ್ಸ್ ಯೇಗರ್ ಎಂಬಾತ ‘ಬ್ಯಾಂಕ್ ನೈಟ್’ ಎಂಬ ಯೋಜನೆ ತಂದ. ಟಾಕೀಸಿನ ಮುಂಭಾಗದಲ್ಲಿ ಒಂದು ಪುಸ್ತಕ. ಅದರಲ್ಲಿ ಹೆಸರು ಬರೆಯುವುದಕ್ಕೆ ದುಡ್ಡಿಲ್ಲ, ಟಿಕೆಟ್ ಕೊಳ್ಳಬೇಕಾಗಿಲ್ಲ. ವಾರಕ್ಕೊಂದು ರಾತ್ರಿ ವೇದಿಕೆಯ ಮೇಲೆ ಒಂದು ಹೆಸರು ಎತ್ತುತ್ತಾರೆ. ಆ ಹೆಸರಿನವರು ಕೆಲವೇ ನಿಮಿಷದಲ್ಲಿ ಬಂದು ಹಣ ತೆಗೆದುಕೊಳ್ಳಬೇಕು. ಹೊರಗೆ ಬೀದಿಯಲ್ಲಿ ನಿಂತು ಕಾಯಬಹುದಿತ್ತು. ಆದರೆ ಬಹಳ ಜನ ಟಿಕೆಟ್ ಕೊಂಡು ಒಳಗೇ ಕೂತರು. ಸಾವಿರಾರು ಟಾಕೀಸುಗಳು ಈ ಯೋಜನೆಯನ್ನು ಕೊಂಡುಕೊಂಡವು. ಇದು ಲಾಟರಿಯೋ ಅಲ್ಲವೋ ಎಂದು ರಾಜ್ಯಕ್ಕೊಂದು ಕೋರ್ಟು ಒಂದೊಂದು ಥರ ಹೇಳಿತು.

1954ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ರೇಡಿಯೊ, ಟಿವಿಗಳ ಬಹುಮಾನ ಕಾರ್ಯಕ್ರಮಗಳ ಪ್ರಶ್ನೆ ಬಂತು. ಮನೆಯಲ್ಲಿ ಕೂತು ಕಾರ್ಯಕ್ರಮ ಕೇಳುವುದು ಬೆಲೆ ತೆತ್ತಂತಾಗದು, ಆದ್ದರಿಂದ ಇದು ಲಾಟರಿ ಅಲ್ಲ ಎಂದಿತು ಕೋರ್ಟು. ದಾರಿ ಸಲೀಸಾಯಿತು. 1967ರಲ್ಲಿ ಪಬ್ಲಿಷರ್ಸ್ ಕ್ಲಿಯರಿಂಗ್ ಹೌಸ್ ಎಂಬ ಪತ್ರಿಕಾ ಚಂದಾ ಕಂಪನಿ ಅಂಚೆಯಲ್ಲಿ ಸ್ವೀಪ್‌ಸ್ಟೇಕ್ಸ್ ಶುರುಮಾಡಿತು. ಹಿಂದೆ ರೀಡರ್ಸ್ ಡೈಜೆಸ್ಟ್ ತರಿಸುತ್ತಿದ್ದ ಮನೆಯವರಿಗೆ ಈ ಬಗೆಯ ದಪ್ಪ ಲಕೋಟೆಗಳು ನೆನಪಿರಬಹುದು. ಪತ್ರಿಕೆ ಕೊಂಡರೆ ಗೆಲ್ಲುವ ಸಂಭವ ಹೆಚ್ಚು ಎಂದು ನಂಬಿದ ವಯಸ್ಸಾದವರು ಕಂತೆಗಟ್ಟಲೆ ಕೊಂಡರು. ಕೊನೆಗೆ 1999ರಲ್ಲಿ ಹೊಸ ಕಾಯ್ದೆ ಬಂದು, ‘ಕೊಳ್ಳಬೇಕಾಗಿಲ್ಲ, ಕೊಂಡರೆ ಗೆಲುವಿನ ಸಂಭವ ಹೆಚ್ಚುವುದೂ ಇಲ್ಲ’ ಎಂದು ಎದ್ದುಕಾಣುವಂತೆ ಅಚ್ಚು ಹಾಕುವುದು ಕಡ್ಡಾಯವಾಯಿತು. ಗ್ರಾಹಕನ ರಕ್ಷಣೆಗೆಂದು ಬರೆಯಿಸಿದ ಸಾಲು ಅದು. ಮುಂದೆ ಕಂಪನಿಗಳೇ ಅದನ್ನು ತಮ್ಮ ಗುರಾಣಿ ಮಾಡಿಕೊಂಡವು.

ಕೆಫೆಯಿಂದ ಫೋನಿಗೆ

ಇಲ್ಲಿಯವರೆಗೆ ಬಹುಮಾನ ಒಂದು ಆಮಿಷ, ನಿಜವಾದ ವ್ಯಾಪಾರ ಬೇರೆ: ಸಿನಿಮಾ, ಪತ್ರಿಕೆ, ಬರ್ಗರ್. 2000ದ ನಂತರ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇದು ತಿರುಗುಮುರುಗಾಯಿತು. ಅಂಗಡಿ ಸಾಲುಗಳಲ್ಲಿ ‘ಇಂಟರ್ನೆಟ್ ಸ್ವೀಪ್‌ಸ್ಟೇಕ್ಸ್ ಕೆಫೆ’ಗಳು ತಲೆಯೆತ್ತಿದವು. ಇಪ್ಪತ್ತು ಡಾಲರಿಗೆ ಇಷ್ಟು ಹೊತ್ತಿನ ಇಂಟರ್ನೆಟ್ ಕೊಂಡರೆ ಜೊತೆಗೆ ‘ಉಚಿತ’ ಸ್ವೀಪ್‌ಸ್ಟೇಕ್ಸ್ ಅಂಕಗಳು. ಅವನ್ನು ಬಳಸಿ ಸ್ಲಾಟ್ ಯಂತ್ರದಂಥ ಆಟ. ಇಂಟರ್ನೆಟ್ ಬೇಕಾಗಿ ಬಂದವರು ಎಷ್ಟು ಜನವೋ.

ಉತ್ತರ ಕೆರೊಲಿನಾ 2010ರಲ್ಲಿ ಇವನ್ನು ನಿಷೇಧಿಸಿತು. ಇದು ವಾಕ್ ಸ್ವಾತಂತ್ರ್ಯದ ಮೇಲಿನ ದಾಳಿ ಎಂದು ಕಂಪನಿಗಳು ವಾದಿಸಿದವು. ಕಾಯ್ದೆ ತಡೆಯುತ್ತಿರುವುದು ಮಾತನ್ನಲ್ಲ, ಕೃತ್ಯವನ್ನು ಎಂದು 2012ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಫ್ಲೋರಿಡಾದಲ್ಲಿ ಮಾಜಿ ಸೈನಿಕರ ನೆರವಿನ ಹೆಸರಿನಲ್ಲಿ ಕೆಫೆಗಳ ಜಾಲ ನಡೆಸುತ್ತಿದ್ದ ಸಂಸ್ಥೆಯೊಂದರ ಮೇಲೆ 2013ರ ಮಾರ್ಚಿನಲ್ಲಿ ದಾಳಿಯಾಯಿತು. ಹಿಂದೆ ಅದಕ್ಕೆ ಸಲಹೆಗಾರರಾಗಿದ್ದ ಲೆಫ್ಟಿನೆಂಟ್ ಗವರ್ನರ್ ರಾಜೀನಾಮೆ ಕೊಟ್ಟರು. ಅವರ ಮೇಲೆ ಮೊಕದ್ದಮೆಯೇನೂ ಆಗಲಿಲ್ಲ. ಮರುತಿಂಗಳೇ ನಿಷೇಧದ ಕಾಯ್ದೆ ಬಂತು.

ಕೆಫೆ ಮುಚ್ಚಿದರೂ ಉಪಾಯ ಸಾಯಲಿಲ್ಲ, ಫೋನಿಗೆ ಬಂತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿದ ವಿಜಿಡಬ್ಲ್ಯು ಎಂಬ ಕಂಪನಿಯ ಚುಂಬಾ ಕ್ಯಾಸಿನೊ ಇವುಗಳಲ್ಲಿ ಹೆಸರುವಾಸಿ. ನೋಡುನೋಡುತ್ತಲೇ ಇಂಥ ತಾಣಗಳು ಸಾಲುಗಟ್ಟಿದವು. ಎಲ್ಲದರ ಒಳಗಿನ ಲೆಕ್ಕ ಒಂದೇ, ಎರಡು ಬಗೆಯ ನಾಣ್ಯ. ‘ಗೋಲ್ಡ್ ಕಾಯಿನ್’ ದುಡ್ಡಿಗೆ ಸಿಗುತ್ತದೆ, ಆದರೆ ಅದರಿಂದ ಗೆದ್ದದ್ದಕ್ಕೆ ಬೆಲೆಯಿಲ್ಲ, ಬರೀ ಕಾಲಕ್ಷೇಪ. ‘ಸ್ವೀಪ್ಸ್ ಕಾಯಿನ್’ ಮಾರಾಟಕ್ಕಿಲ್ಲ; ಗೋಲ್ಡ್ ಕಾಯಿನ್ ಕೊಂಡವರಿಗೆ ‘ಬೋನಸ್’ ಆಗಿ ಬರುತ್ತದೆ. ಅದರಿಂದ ಗೆದ್ದದ್ದನ್ನು ಡಾಲರಿಗೆ ಬದಲಿಸಿಕೊಳ್ಳಬಹುದು. ಏನನ್ನೂ ಕೊಳ್ಳದೆ ಆಡುವ ದಾರಿಯೂ ಇದೆ: ನಿಗದಿತ ಒಕ್ಕಣೆಯನ್ನು ಕೈಯಲ್ಲಿ ಬರೆದು, ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದರೆ ಕೆಲವು ನಾಣ್ಯ ಖಾತೆಗೆ ಬೀಳುತ್ತವೆ. ಬ್ಯಾಂಕ್ ನೈಟಿನ ಪುಸ್ತಕವೇ ತೊಂಬತ್ತು ವರ್ಷದ ನಂತರ ಅಂಚೆ ಲಕೋಟೆಯಾಗಿದೆ.

ಕನ್ನಡದಲ್ಲಿ ‘ಬಿಟ್ಟಿ’ ಎಂದರೆ ಪುಕ್ಕಟೆ. ಅದರ ಮೂಲ ಸಂಸ್ಕೃತದ ‘ವಿಷ್ಟಿ’, ಅಂದರೆ ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆ. ಪುಕ್ಕಟೆ ಬಂದದ್ದಕ್ಕೆ ಯಾರೋ ಬೆಲೆ ತೆತ್ತಿದ್ದಾರೆ ಎಂಬುದನ್ನು ಆ ಪದ ಇನ್ನೂ ಮರೆತಿಲ್ಲ. ತಮ್ಮನ ಬೋನಸ್ ನಾಣ್ಯಗಳಿಗೆ ನಾನು ಹುಡುಕಿದ ಕನ್ನಡ ಅದೇ.

2025ರ ಕಾಯ್ದೆಗಳು

2018ರ ನಂತರ ಅಮೆರಿಕದ ರಾಜ್ಯಗಳು ಕ್ರೀಡಾ ಬೆಟ್ಟಿಂಗಿಗೆ ಒಂದೊಂದಾಗಿ ಲೈಸೆನ್ಸ್ ಕೊಡತೊಡಗಿದವು. ಬೆರಳೆಣಿಕೆಯ ರಾಜ್ಯಗಳು ಆನ್‌ಲೈನ್ ಕ್ಯಾಸಿನೊಗೂ ಕೊಟ್ಟವು. ಲೈಸೆನ್ಸ್ ಪಡೆದು ತೆರಿಗೆ ಕಟ್ಟುವ ಕಂಪನಿಗಳ ಪಕ್ಕದಲ್ಲೇ ಎರಡೂ ಇಲ್ಲದ ಸ್ವೀಪ್‌ಸ್ಟೇಕ್ಸ್ ಕ್ಯಾಸಿನೊಗಳು ನಡೆಯುವುದು ಸರ್ಕಾರಗಳ ಕಣ್ಣು ಚುಚ್ಚತೊಡಗಿತು. ಆಟಗಾರರ ಮೇಲಿನ ಕರುಣೆಯೊಂದೇ ಈ ಕಾಯ್ದೆಗಳನ್ನು ತಂದಿತು ಎಂದರೆ ಚರಿತ್ರೆಗೆ ಮೋಸ ಮಾಡಿದಂತೆ. ಕ್ಯಾಲಿಫೋರ್ನಿಯಾದಲ್ಲಿ ಕಾಯ್ದೆಯ ಹಿಂದೆ ನಿಂತವರಲ್ಲಿ ಕ್ಯಾಸಿನೊ ನಡೆಸುವ ಹಕ್ಕು ಪಡೆದ ಮೂಲನಿವಾಸಿ ಬುಡಕಟ್ಟುಗಳು ಮುಖ್ಯರು.

ಮೊಂಟಾನಾ ಮೇ ತಿಂಗಳಲ್ಲಿ, ಕನೆಕ್ಟಿಕಟ್ ಜೂನಿನಲ್ಲಿ ಕಾಯ್ದೆ ತಂದವು. ಎರಡೂ ಅಕ್ಟೋಬರ್ 1ರಿಂದ ಜಾರಿಗೆ ಬಂದವು. ನ್ಯೂಜೆರ್ಸಿಯದು ಸಹಿಯಾದ ದಿನವೇ ಜಾರಿ; ಮೊದಲ ತಪ್ಪಿಗೆ ಒಂದು ಲಕ್ಷ ಡಾಲರ್, ಮತ್ತೆ ಮಾಡಿದರೆ ಎರಡೂವರೆ ಲಕ್ಷ ದಂಡ. ನ್ಯೂಯಾರ್ಕಿನ ಅಟಾರ್ನಿ ಜನರಲ್ ಜೂನಿನಲ್ಲೇ 26 ತಾಣಗಳಿಗೆ ನಿಲ್ಲಿಸಿ ಎಂದು ನೋಟಿಸ್ ಕೊಟ್ಟಿದ್ದರು. ಡಿಸೆಂಬರಿನಲ್ಲಿ ಕಾಯ್ದೆಯೂ ಆಯಿತು. ಕ್ಯಾಲಿಫೋರ್ನಿಯಾದ್ದು 2026ರ ಜನವರಿ 1ರಿಂದ ಜಾರಿಯಾಗಿ, ಹಣ ಸಾಗಿಸುವ ಪೇಮೆಂಟ್ ಕಂಪನಿ, ಆಟದ ಸಾಫ್ಟ್‌ವೇರ್ ಒದಗಿಸುವವರು, ಪ್ರಚಾರ ಮಾಡುವವರನ್ನೂ ಸೇರಿಸಿಕೊಂಡಿತು. ಲೂಯಿಸಿಯಾನದಲ್ಲಿ ಮಾತ್ರ ಶಾಸನಸಭೆ ಒಪ್ಪಿದ ಮಸೂದೆಯನ್ನು, ಈಗಿರುವ ಕಾನೂನೇ ಸಾಕೆಂದು, ಗವರ್ನರ್ ತಿರಸ್ಕರಿಸಿದರು. ಬದಲಿಗೆ ಅಲ್ಲಿನ ನಿಯಂತ್ರಣ ಮಂಡಳಿ ನೋಟಿಸುಗಳನ್ನು ಹೊರಡಿಸಿತು.

ಈ ಕಾಯ್ದೆಗಳಲ್ಲಿ ಗಮನಿಸಬೇಕಾದದ್ದು ಅವುಗಳ ಭಾಷೆ. ‘ಬೆಲೆ ತೆತ್ತರೋ ಇಲ್ಲವೋ’ ಎಂಬ ಹಳೆಯ ಜಗಳಕ್ಕೆ ಇಳಿಯದೆ, ಇವುಗಳಲ್ಲಿ ಹಲವು ಎರಡು ನಾಣ್ಯದ ಏರ್ಪಾಡನ್ನೇ ಹೆಸರಿಸಿ ಹಿಡಿದವು. ಒಲೆಗೆ ಎಷ್ಟು ಕಲ್ಲು ಎಂದು ಎಣಿಸುವುದು ಬಿಟ್ಟು, ಅಡುಗೆ ಬೇಯುತ್ತಿದೆಯೇ ಎಂದು ನೋಡಿದವು.

ಬೆಂಗಳೂರಿನ ಪದಬಂಧ

ನಮ್ಮಲ್ಲಿ ಇದೇ ಜಾಣತನ ಇನ್ನೊಂದು ಕಲ್ಲಿನ ಮೇಲೆ ನಡೆಯಿತು. ಐವತ್ತರ ದಶಕದಲ್ಲಿ ಬೆಂಗಳೂರಿನಿಂದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಇಂಗ್ಲಿಷ್ ವಾರಪತ್ರಿಕೆ ಹೊರಡುತ್ತಿತ್ತು. ಅದರಲ್ಲಿ ಆರ್.ಎಂ.ಡಿ.ಸಿ. ಪದಬಂಧ ಸ್ಪರ್ಧೆ; ಪ್ರವೇಶ ಶುಲ್ಕ ಕಟ್ಟಿ ಕಳಿಸಬೇಕು. ಮುಂಬಯಿ ರಾಜ್ಯದಲ್ಲಿ ಅದಕ್ಕೆ ಭಾರಿ ಬೇಡಿಕೆ. ಆ ರಾಜ್ಯ ತೆರಿಗೆ ಕೇಳಿತು. ಪತ್ರಿಕೆ ಮೈಸೂರು ರಾಜ್ಯದ್ದು, ನಿಮಗೆ ಅಧಿಕಾರವಿಲ್ಲ ಎಂದು ಚಮರ್‌ಬಾಗ್‌ವಾಲಾ ಕೋರ್ಟಿಗೆ ಹೋದರು. 1957ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟ್ ಮುಂಬಯಿ ಪರವಾಗಿ ತೀರ್ಪಿತ್ತಿತು: ಜೂಜು ವ್ಯಾಪಾರವೇ ಅಲ್ಲ, ಅದಕ್ಕೆ ವ್ಯಾಪಾರದ ಹಕ್ಕಿನ ರಕ್ಷಣೆಯಿಲ್ಲ. ಆದರೆ ಬುದ್ಧಿ ಕೌಶಲವೇ ಮುಖ್ಯವಾದ ಸ್ಪರ್ಧೆಗಳು ಬೇರೆ ಎಂದೂ ಹೇಳಿತು.

ಆ ‘ಬೇರೆ’ಯೇ ಮುಂದಿನ ಅರವತ್ತು ವರ್ಷದ ದಾರಿಯಾಯಿತು. ಅಮೆರಿಕದವರು ಪಣದ ಕಲ್ಲನ್ನು ತೆಗೆದು ತೋರಿಸಿದರೆ ನಮ್ಮವರು ಅದೃಷ್ಟದ ಕಲ್ಲನ್ನು ತೆಗೆದು ತೋರಿಸಿದರು. ರಮ್ಮಿ ಕೌಶಲದ ಆಟವಾಯಿತು, 1996ರಲ್ಲಿ ಚೆನ್ನೈನ ಕುದುರೆ ಪಂದ್ಯವೂ ಆಯಿತು, ಆಮೇಲೆ ಆ್ಯಪುಗಳು ಬಂದವು. ತೆಲಂಗಾಣ 2017ರಲ್ಲಿ ನಿಷೇಧಿಸಿತು. ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಮಾಡಿತು. ಕೊನೆಗೆ 2025ರ ಆಗಸ್ಟ್ 22ರಂದು, ನ್ಯೂಜೆರ್ಸಿಯ ಸಹಿ ಬಿದ್ದ ಸರಿಯಾಗಿ ಒಂದು ವಾರಕ್ಕೆ, ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣ ಕಟ್ಟಿ ಹಣದ ನಿರೀಕ್ಷೆಯಲ್ಲಿ ಆಡುವ ಆಟ ಕೌಶಲದ್ದಾದರೂ ಅದೃಷ್ಟದ್ದಾದರೂ ನಿಷಿದ್ಧ ಎನ್ನುತ್ತದೆ ಅದು. ನಾಣ್ಯ, ಟೋಕನ್ ಎಂದು ಹೆಸರಿಟ್ಟರೂ ಪಣ ಪಣವೇ.

ತಮ್ಮನಿಗೆ ಬರೆದದ್ದು

ಪಿಡಿಎಫ್ ಓದಿ ಮುಗಿಸಿ ತಮ್ಮನಿಗೆ ಬರೆದದ್ದನ್ನು ಇಲ್ಲಿಯೂ ಬರೆಯುತ್ತೇನೆ. ನಿಮ್ಮ ಮನೆಯವರೂ ಯಾರಾದರೂ ಅಲ್ಲಿರಬಹುದು.

ಈ ಕಾಯ್ದೆಗಳ ಗುರಿ ನಡೆಸುವವರು ಮತ್ತು ಅವರಿಗೆ ನೆರವಾಗುವವರು. ಆಡಿದವನನ್ನು ಹಿಡಿಯುವುದು ಅವುಗಳ ಉದ್ದೇಶವಲ್ಲ. ಹಾಗಾಗಿ ಹೆದರಿ ಸುಮ್ಮನಿರಬೇಡ. ಆದರೆ ಲೈಸೆನ್ಸ್ ಇರುವ ಕ್ಯಾಸಿನೊ ಹಣ ಕೊಡದಿದ್ದರೆ ದೂರಲು ರಾಜ್ಯದ ನಿಯಂತ್ರಕರಿದ್ದಾರೆ, ಆಟದ ತಂತ್ರಾಂಶ ಪರೀಕ್ಷೆಯಾಗಿರುತ್ತದೆ. ಇಲ್ಲಿ ಆ ಆಸರೆಯಿಲ್ಲ. ನನ್ನನ್ನು ಆಡಲು ಬಿಡಬೇಡಿ ಎಂದು ರಾಜ್ಯದ ಪಟ್ಟಿಯಲ್ಲಿ ಹೆಸರು ಬರೆಸಿದವರನ್ನೂ ಈ ತಾಣಗಳು ತಡೆಯಬೇಕೆಂದಿರಲಿಲ್ಲ. ಜಗಳವಾದರೆ ಕೋರ್ಟಿಗೆ ಹೋಗುವಂತಿಲ್ಲ, ಮಧ್ಯಸ್ಥಿಕೆಗೇ ಬರಬೇಕು ಎಂಬ ಷರತ್ತಿಗೆ ನೀನು ಒತ್ತಿದ ‘ಒಪ್ಪಿದೆ’ ಗುಂಡಿ ಸೇರಿದೆ. ರಾಜ್ಯ ಬಿಟ್ಟು ಹೋಗುವಾಗ ಗೆದ್ದದ್ದನ್ನು ಹಿಂಪಡೆಯಲು ಕೊಟ್ಟ ಗಡುವು ಎಷ್ಟೆಂದು ನೋಡು. ಖಾತೆಯ ಚಿತ್ರ, ಬ್ಯಾಂಕ್ ಲೆಕ್ಕ ಈಗಲೇ ತೆಗೆದಿಡು. ಗುರುತಿನ ದಾಖಲೆ ಕೇಳಿದರೆ ತಡಮಾಡದೆ ಕೊಡು. ಗೆದ್ದ ಹಣಕ್ಕೆ ಆದಾಯ ತೆರಿಗೆ ಉಂಟು. ಸುಳ್ಳು ವಿಳಾಸ ಕೊಟ್ಟು ಬೇರೆ ರಾಜ್ಯದವನಂತೆ ಆಡಿದರೆ ಇರುವ ಹಣವನ್ನೂ ಮುಟ್ಟುಗೋಲು ಹಾಕಿಕೊಳ್ಳಲು ಅವರಿಗೆ ನೆಪ ಸಿಗುತ್ತದೆ.

ಅವನು ಕೇಳಿದ್ದ ಪ್ರಶ್ನೆಗೂ ಉತ್ತರ ಬರೆದೆ. ನಿನ್ನ ದುಡ್ಡು ನಿನ್ನದು ಎಂದು ಇದರಲ್ಲಿ ಎಲ್ಲೂ ಬರೆದಿಲ್ಲ. ನೀನು ಕೊಂಡದ್ದು ಬೆಲೆಯಿಲ್ಲದ ನಾಣ್ಯ, ಬೆಲೆಯಿರುವ ನಾಣ್ಯ ಅವರು ಕೊಟ್ಟ ಉಡುಗೊರೆ. ಏನನ್ನೂ ಕೊಳ್ಳಬೇಕಾಗಿಲ್ಲ ಎಂದು ಅಷ್ಟು ಸಲ ಹೇಳಿರುವುದು ಇದಕ್ಕೇ.

ಇಬ್ಬರೂ ಸೇರಿ ಒಂದು ಇಮೇಲ್ ಬರೆದೆವು. ಐದು ವಾರ ಕಳೆದು, ಮೂರು ಸಲ ಪಾಸ್‌ಪೋರ್ಟ್ ಪ್ರತಿ ಕಳಿಸಿದ ಮೇಲೆ, ನಾನೂರು ಡಾಲರ್ ಚಿಲ್ಲರೆ ಬಂತು. ಸಂಖ್ಯೆಯನ್ನಷ್ಟೇ ಮೆಸೇಜು ಮಾಡಿದ. ಹಿಂದೆಯೇ ಇನ್ನೊಂದು ಸಾಲು: “ಅಮ್ಮಂಗೆ ಹೇಳ್ಬೇಡ ಅಕ್ಕಾ.” ಹೇಳಿಲ್ಲ. ಅವನ ಅನುಮತಿ ಕೇಳಿಯೇ ಇಷ್ಟನ್ನು ಇಲ್ಲಿ ಬರೆದಿದ್ದೇನೆ. ಚಿಕ್ಕಮ್ಮ ಇಮೇಲ್ ನೋಡುವುದಿಲ್ಲ.